ಬಡವರ ಮನೆಯಲ್ಲಿ ಇದ್ದವರು ಯಾರು?

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬಗ್ಗೆ ಓದುವಾಗ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ‘ಪೂರ್‌ಹೌಸ್’ (ಬಡವರ ಮನೆ) ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಅದು ಆಶ್ರಮವೋ, ಸೆರೆಮನೆಯೋ? ಅಲ್ಲಿದ್ದವರೆಲ್ಲ ದುಡಿಯಲೊಲ್ಲದ ಸೋಮಾರಿಗಳೆಂಬುದು ನಿಜವೇ? – ಓದುಗರೊಬ್ಬರು

ಉತ್ತರ: ಆಶ್ರಯ ಕೊಡಬೇಕು, ಆದರೆ ಆಶ್ರಯ ಕೇಳಿ ಬರಲು ಜನ ಹಿಂಜರಿಯಬೇಕು ಎಂಬ ಎರಡು ಉದ್ದೇಶಗಳನ್ನು ಒಂದೇ ಸೂರಿನಡಿ ಸಾಧಿಸಲು ಹೊರಟ ಸಂಸ್ಥೆ ಅದು. ಅಲ್ಲಿನ ಜನರ ಸಂಕಟಗಳಲ್ಲಿ ಬಹುಪಾಲು ಈ ವಿರೋಧದಿಂದಲೇ ಹುಟ್ಟಿದವು.

ಬಡವರ ಹೊಣೆ ಸ್ಥಳೀಯ ಆಡಳಿತದ್ದು ಎಂಬ ತತ್ತ್ವವನ್ನು ಅಮೆರಿಕದ ವಸಾಹತುಗಳು ಇಂಗ್ಲೆಂಡಿನ 1601ರ ಕಾನೂನಿನಿಂದ ಪಡೆದಿದ್ದವು. ಕೆಲವರಿಗೆ ಅವರ ಮನೆಯಲ್ಲೇ ಸೌದೆ, ದವಸ, ಹಣದ ನೆರವು ದೊರೆಯುತ್ತಿತ್ತು. ಇನ್ನು ಕೆಲವೆಡೆ ನಿರ್ಗತಿಕರನ್ನು ಹರಾಜಿಗಿಟ್ಟು, ಅವರನ್ನು ಸಾಕಲು ಅತಿ ಕಡಿಮೆ ಹಣ ಸಾಕೆಂದು ಸವಾಲು ಕೂಗಿದವನ ಮನೆಗೆ ಒಪ್ಪಿಸುತ್ತಿದ್ದರು. ಉಳಿಸಿದ್ದೆಲ್ಲ ಸಾಕುವವನ ಲಾಭವಾಗುವ ಇಂಥ ಏರ್ಪಾಡಿನಲ್ಲಿ ಸಾಕಿಸಿಕೊಳ್ಳುವವರ ಪಾಡು ಏನಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಯದರ್ಶಿ ಜಾನ್ ಯೇಟ್ಸ್ ಅವರು ಈ ಕ್ರೌರ್ಯವನ್ನು ವಿವರಿಸಿ ವರದಿ ಸಲ್ಲಿಸಿದರು. ರಾಜ್ಯದಲ್ಲಿ ನೆರವು ಪಡೆಯುತ್ತಿದ್ದ 22,111 ಮಂದಿಯಲ್ಲಿ ವರ್ಷವಿಡೀ ಅವಲಂಬಿತರಾಗಿದ್ದವರು 6,896 ಮಂದಿ ಎಂಬ ಲೆಕ್ಕ ಅದರಲ್ಲಿತ್ತು. ಕೌಂಟಿಗೊಂದು ಬಡವರ ಮನೆ, ಅದಕ್ಕೆ ಹೊಂದಿಕೊಂಡ ಹೊಲ, ಅಲ್ಲಿ ದುಡಿಮೆ ಮತ್ತು ಶಿಸ್ತು ಎಂಬುದು ಅವರು ಸೂಚಿಸಿದ ಪರಿಹಾರ. ಅದೇ ವರ್ಷ ಕಾನೂನು ಬಂತು. ಬೇರೆ ರಾಜ್ಯಗಳಲ್ಲೂ ಇಂಥ ಮನೆಗಳು ಹರಡಿದವು.

ಆದರೆ ಆ ಹೊಲಗಳಲ್ಲಿ ದುಡಿಯಬೇಕಾದವರು ಯಾರು? ಒಳಗಿದ್ದವರಲ್ಲಿ ಹೆಚ್ಚಿನವರು ವೃದ್ಧರು, ರೋಗಿಗಳು, ಅಂಗವಿಕಲರು, ಮನೋರೋಗಿಗಳು, ಗಂಡನನ್ನು ಕಳೆದುಕೊಂಡವರು, ಮದುವೆಯಾಗದೆ ಬಸುರಾಗಿ ಬೇರೆಲ್ಲೂ ಹೆರಿಗೆಗೆ ನೆಲೆಯಿಲ್ಲದವರು, ಮಕ್ಕಳು. ಕೈಕಾಲು ಗಟ್ಟಿಯಿದ್ದವರು ಬರುತ್ತಿದ್ದುದು ಹೆಚ್ಚಾಗಿ ಕೆಲಸ ಸಿಗದ ಚಳಿಗಾಲದಲ್ಲಿ. ಆದ್ದರಿಂದ ‘ಸೋಮಾರಿಗಳು’ ಎಂಬ ಮಾತನ್ನು ನಾನು ಒಪ್ಪಲಾರೆ. ಸೋಮಾರಿಯನ್ನು ಹೆದರಿಸಲೆಂದು ರೂಪಿಸಿದ ಕಠಿಣ ನಿಯಮಗಳನ್ನು ಅನುಭವಿಸಿದವರು ಹಾಸಿಗೆಯಿಂದ ಏಳಲಾಗದ ಮುದುಕರು.

ಮನೋರೋಗಿಗಳ ಸ್ಥಿತಿ ಎಲ್ಲಕ್ಕಿಂತ ಘೋರವಾಗಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಬಡವರ ಮನೆಗಳನ್ನೂ ಸೆರೆಮನೆಗಳನ್ನೂ ಸ್ವತಃ ಸುತ್ತಿ ನೋಡಿದ ಸಮಾಜ ಸುಧಾರಕಿ ಡೊರೊಥಿಯಾ ಡಿಕ್ಸ್, ಪಂಜರಗಳಲ್ಲಿ, ನೆಲಮಾಳಿಗೆಗಳಲ್ಲಿ, ಸರಪಳಿಗಳಲ್ಲಿ ಮನುಷ್ಯರನ್ನು ಕಂಡದ್ದನ್ನು 1843ರಲ್ಲಿ ಶಾಸನಸಭೆಗೆ ಬರೆದು ತಿಳಿಸಿದರು. ಮಕ್ಕಳ ಕತೆಗೆ ಒಂದು ನಿದರ್ಶನ ಸಾಕು. ಮುಂದೆ ಹೆಲನ್ ಕೆಲ್ಲರ್ ಅವರ ಗುರುವಾದ ಆ್ಯನಿ ಸಲಿವನ್, ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, 1876ರಲ್ಲಿ, ತಮ್ಮನೊಡನೆ ಮ್ಯಾಸಚೂಸೆಟ್ಸಿನ ಟ್ಯೂಕ್ಸ್‌ಬರಿಯ ಬಡವರ ಮನೆ ಸೇರಿದರು. ಅದು ಕೌಂಟಿಯದ್ದಲ್ಲ, ರಾಜ್ಯದ್ದು. ಸ್ಥಿತಿ ಮಾತ್ರ ಭಿನ್ನವಾಗಿರಲಿಲ್ಲ. ಕೆಲವೇ ತಿಂಗಳಲ್ಲಿ ತಮ್ಮ ಅಲ್ಲೇ ತೀರಿಕೊಂಡ. ದೃಷ್ಟಿ ಮಂದವಾಗಿದ್ದ ಆಕೆ ಓದಲು ಹೊರಬಂದದ್ದು 1880ರಲ್ಲಿ. ನ್ಯೂಯಾರ್ಕ್ ರಾಜ್ಯವು 1875ರಲ್ಲೇ ಮೂರರಿಂದ ಹದಿನಾರು ವರ್ಷದ ಆರೋಗ್ಯವಂತ ಮಕ್ಕಳನ್ನು ಇಂಥ ಮನೆಗಳಲ್ಲಿ ಇಡಕೂಡದೆಂದು ಕಾನೂನು ಮಾಡಿತ್ತು.

ಮಕ್ಕಳು ಅನಾಥಾಲಯಗಳಿಗೆ, ಮನೋರೋಗಿಗಳು ರಾಜ್ಯದ ಆಸ್ಪತ್ರೆಗಳಿಗೆ ಹೋದ ಮೇಲೆ ಉಳಿದವರು ಮುಖ್ಯವಾಗಿ ವೃದ್ಧರು. 1935ರ ಸಾಮಾಜಿಕ ಭದ್ರತಾ ಕಾಯ್ದೆಯು ಬಡ ವೃದ್ಧರಿಗೆ ನಗದು ನೆರವು ತಂದಿತು. ಸರ್ಕಾರಿ ಸಂಸ್ಥೆಯೊಳಗೆ ಇರುವವರಿಗೆ ಆ ಹಣ ಸಲ್ಲದೆಂದೂ ವಿಧಿಸಿತು. ಹೊರಗೆ ಬದುಕಬಲ್ಲವರು ಹೊರಟರು. ಅನೇಕ ಮನೆಗಳು ಕ್ರಮೇಣ ಮುಚ್ಚಿದವು, ಕೆಲವು ಕೌಂಟಿಯ ಆಸ್ಪತ್ರೆ ಅಥವಾ ವೃದ್ಧರ ಶುಶ್ರೂಷಾಲಯಗಳಾದವು.

ಆ ಜನರಿಗೆ ಇಂದು ಉಳಿದಿರುವ ಗುರುತೆಂದರೆ ಹಲವೆಡೆ ಹೆಸರಿಲ್ಲದ, ಬರಿಯ ಅಂಕಿ ಕೊರೆದ ಸಮಾಧಿಕಲ್ಲುಗಳು ಮತ್ತು ಹಳೆಯ ದಾಖಲೆ ಪುಸ್ತಕಗಳು. ನ್ಯೂಯಾರ್ಕಿನ ದಾಖಲೆ ನಮೂನೆಯಲ್ಲಿ ಪ್ರತಿಯೊಬ್ಬರ ಪರಾವಲಂಬನೆಗೆ ಕಾರಣವೇನು, ಆ ಸ್ಥಿತಿಯಿಂದ ಚೇತರಿಸಿಕೊಳ್ಳುವ ಸಂಭವವಿದೆಯೇ ಎಂದು ಬರೆಯಲು ಜಾಗವಿತ್ತು. ಮನೆಗೆ ಸೇರಿಸಿಕೊಳ್ಳುವ ಹೊತ್ತಿನಲ್ಲೇ ಗುಮಾಸ್ತನು ಒಬ್ಬ ಮನುಷ್ಯನ ಮುಂದಿನ ಬದುಕನ್ನು ಒಂದು ಸಾಲಿನಲ್ಲಿ ತೀರ್ಮಾನಿಸಿಬಿಡುತ್ತಿದ್ದನು.