ಓದುಗರ ಪ್ರಶ್ನೆ: ಸಾವನದುರ್ಗದ ಕಲ್ಲು, ದೊಣೆ, ಕರಿ ಪಟ್ಟೆ

ಪ್ರಶ್ನೆ: ಮಾಗಡಿ ಬಳಿಯ ಸಾವನದುರ್ಗ ಒಂದು ಕಾಲಕ್ಕೆ ಜ್ವಾಲಾಮುಖಿಯಾಗಿತ್ತಂತೆ. ನಿಜವೇ?

ಅಲ್ಲ, ಅದಕ್ಕೆ ಕಲ್ಲೇ ಸಾಕ್ಷಿ. ಶಿಲಾಪಾಕ, ಅಂದರೆ ಕರಗಿದ ಕಲ್ಲು, ನೆಲದ ಮೇಲೆ ಹರಿದು ಬೇಗ ತಣ್ಣಗಾದರೆ ಹರಳು ಬೆಳೆಯಲು ಹೊತ್ತೇ ಸಿಗುವುದಿಲ್ಲ, ಕಲ್ಲು ನುಣ್ಣಗಿರುತ್ತದೆ. ಸಾವನದುರ್ಗದ್ದು ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ಗಟ್ಟಿಯಾದ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರು ಹಿಡಿದು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮಧುಗಿರಿ ಬೆಟ್ಟವೂ ಇದೇ ಗ್ರಾನೈಟಿನದ್ದು.

ಬಿದ್ದಿರುವ ಹೊಸ ಚೂರೊಂದನ್ನು ಬಿಸಿಲಿಗೆ ತಿರುಗಿಸಿ ನೋಡಿ. ಚಪ್ಪಟೆ ಮುಖ ಫಳ್ಳನೆ ಮಿಂಚುವ ಗುಲಾಬಿ ಅಥವಾ ಬಿಳಿ ಹರಳು ಫೆಲ್ಡ್‌ಸ್ಪಾರ್. ಗಾಜು ಒಡೆದಂತೆ ಅಂಕುಡೊಂಕಾಗಿ ಮುರಿದ ಬೂದು ಹರಳು ಬೆಣಚು. ಚಾಕುವಿನ ತುದಿಗೆ ತೆಳ್ಳಗೆ ಪದರ ಏಳುವ ಕರಿ ಚುಕ್ಕೆ ಅಭ್ರಕ.

ಪ್ರಶ್ನೆ: ಬಂಡೆ ಪದರ ಪದರವಾಗಿ ಏಳುವುದೇಕೆ? ಹತ್ತುವಾಗ ಅಪಾಯವಿದೆಯೇ?

ಮೇಲಿದ್ದ ಕಲ್ಲುಮಣ್ಣು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ ಅದುಮಿದ್ದ ಭಾರ ಇಳಿದು ಬಂಡೆ ಹಿಗ್ಗುತ್ತದೆ. ಆಗ ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಬೆಟ್ಟಕ್ಕೆ ಗುಮ್ಮಟದ ಆಕಾರ ಬಂದದ್ದೂ ಹೀಗೆಯೇ. ಬೆಂಗಳೂರು ಸುತ್ತಿನ ಕಲ್ಲುಕುಟಿಗರು ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ ಹಾಸುಗಲ್ಲು ಎಬ್ಬಿಸುತ್ತಿದ್ದರು. ಕಾಯ್ದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು.

ಅಂಚಿನಲ್ಲಿರುವ ಚಪ್ಪಡಿಯನ್ನು ಸಣ್ಣ ಕಲ್ಲಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಬಿಟ್ಟುಕೊಂಡಿದೆ ಎಂದೇ ಅರ್ಥ, ಅದರ ಮೇಲೆ ಭಾರ ಹಾಕಬೇಡಿ. ಇದಕ್ಕಿಂತ ಹೆಚ್ಚು ಜನ ಜಾರುವುದು ಕರಿ ಪಟ್ಟೆಗಳ ಮೇಲೆ. ಅವು ಮಳೆನೀರು ಹರಿಯುವ ದಾರಿಗಳು, ಪಾಚಿ ಕಟ್ಟಿರುತ್ತವೆ. ಒಣಗಿದ್ದಾಗ ಹಿಡಿತ ಸಿಗುತ್ತದೆ, ಒಂದು ತುಂತುರು ಬಿದ್ದರೆ ಕಾಲು ನಿಲ್ಲುವುದಿಲ್ಲ. ಮೋಡ ಕವಿಯುತ್ತಿದ್ದಂತೆ ಇಳಿಯಲು ಶುರು ಮಾಡಿ.

ಪ್ರಶ್ನೆ: ಗಟ್ಟಿ ಬಂಡೆಯ ಮೇಲೆ ದೊಣೆ ಹೇಗಾಗುತ್ತದೆ?

ಸಣ್ಣ ತಗ್ಗಿನಲ್ಲಿ ನೀರು ನಿಂತರೆ ಸಾಕು, ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗುತ್ತದೆ. ಬೆಣಚು ಕರಗದೆ ಮರಳಾಗಿ ಉದುರುತ್ತದೆ. ಬೇಸಿಗೆಯಲ್ಲಿ ಗಾಳಿ ಜೇಡಿಪುಡಿಯನ್ನು ಹೊತ್ತೊಯ್ಯುತ್ತದೆ, ಮುಂದಿನ ಮಳೆಗೆ ನೀರು ಇನ್ನಷ್ಟು ನಿಲ್ಲುತ್ತದೆ. ಹೀಗೆ ತಗ್ಗು ತನ್ನನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ.

ಒಣಗಿದ ದೊಣೆಯ ತಳದ ಮಣ್ಣನ್ನು ಕಸವೆಂದು ಬಳಿದು ಹಾಕಬೇಡಿ. ಹುಲ್ಲಿನ ಬೀಜ, ನೀರುಹುಳುಗಳ ಮೊಟ್ಟೆ ಅದರಲ್ಲೇ ಮಳೆಗೆ ಕಾದಿರುತ್ತವೆ. ನೀರಿದ್ದಾಗ ಸೋಪು ಹಚ್ಚಿ ಕೈ ತೊಳೆಯುವುದಂತೂ ಬೇಡವೇ ಬೇಡ. ಅಷ್ಟು ಕಡಿಮೆ ನೀರಿನಲ್ಲಿ ಸ್ವಲ್ಪ ಸೋಪೂ ವಿಷವೇ.