ಮೈಕ್ ಸೆಟ್ ಯಾರ ಕೆಲಸ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಲಹೆಗೆ ಕುಂಬಳೆ ಕಡೆಯ ಚರ್ಚಿನಿಂದ ಬಂದವರು. ವಯಸ್ಸು 28. ಡೀಕನ್ ಆಗಿ ನಾಲ್ಕು ತಿಂಗಳು; ಪಾದ್ರಿಯಾಗುವ ಮುಂಚಿನ ಮೆಟ್ಟಿಲು ಅದು. ಗುರುದೀಕ್ಷೆಗೆ, ಅಂದರೆ ಪಾದ್ರಿಯಾಗುವ ದೀಕ್ಷೆಗೆ, ಮುಂಚೆ ಡೀಕನ್ ಆಗಿ ಕಡಿಮೆಯೆಂದರೂ 6 ತಿಂಗಳು ಇರಬೇಕು, ಅದು ಕ್ಯಾಥೊಲಿಕ್ ಚರ್ಚಿನ ಕಾನೂನು. ಜೊತೆಗೆ ಮಂಗಳೂರಿನಲ್ಲಿ ದೈವಶಾಸ್ತ್ರದ ಸ್ನಾತಕೋತ್ತರ ಓದು. ಪ್ರಬಂಧ ಮೂರನೇ ಅಧ್ಯಾಯಕ್ಕೇ ನಿಂತಿತ್ತು.

"ರಾತ್ರಿ ಹನ್ನೊಂದಕ್ಕೆ ಕೂರ್ತೇನೆ ಮೇಡಂ. ಒಂದು ವಾಕ್ಯ ಬರೀತೇನೆ, ಅಳಿಸ್ತೇನೆ. ನಿದ್ದೆಯೂ ಇಲ್ಲ."

ಮೊದಲ ದಿನ ಓದಿನ ವೇಳಾಪಟ್ಟಿ ಮಾಡಿಕೊಟ್ಟೆ. ಸುಮ್ನೆ ಒಂದು ಹಾಳೆ ದಂಡ. ಎರಡನೇ ಸಲ ಫೋನ್ ತೆಗೆಸಿ, ಒಂದು ವಾರದ ಕರೆಗಳನ್ನು ಅವರಿಂದಲೇ ಬರೆಸಿದೆ. 31 ಕರೆ. ಡೀಕನ್ನೇ ಬೇಕಾಗಿದ್ದದ್ದು ಐದಕ್ಕೆ: ಒಂದು ಜ್ಞಾನಸ್ನಾನ, ಎರಡು ಸಾವಿನ ಮನೆ, ಹಾಸಿಗೆ ಹಿಡಿದ ಇಬ್ಬರಿಗೆ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ). ಉಳಿದದ್ದು? ಮೈಕ್ ಸೆಟ್ ಬರಲಿಲ್ಲ, ಹಾಡಿನ ಹಾಳೆ ಜೆರಾಕ್ಸ್ ಆಗಬೇಕು, ಗುರ್ಕಾರರನ್ನು (ಚರ್ಚಿನ ವಾರ್ಡಿನ ಮುಖಂಡರು) ಬಸ್‌ಸ್ಟ್ಯಾಂಡಿಗೆ ಬಿಡಬೇಕು. ಡೀಕನ್ ಆದ ಮೇಲೂ ಊರಿಗೆ ಅವರು ಇನ್ನೂ ಪಾದ್ರಿ ಓದಿನ ಹುಡುಗ, "ಬ್ರದರ್" ತಾನೇ.

"ಡೀಕನ್ ಅಂದ್ರೆ ಗ್ರೀಕಿನಲ್ಲಿ ಸೇವಕ ಅಂತಲೇ ಅಲ್ವಾ? ಆಗುವುದಿಲ್ಲ ಅಂತ ಹೇಗೆ ಹೇಳ್ಲಿ?"

ನಾನು ಕ್ರೈಸ್ತಳಲ್ಲ. ಬೈಬಲಿನಲ್ಲಿ ಬರುವ ಆ ಏಳು ಜನ ಸೇವಕರ ಕಥೆ ಹೇಳಿ ಎಂದೆ. ಜೆರುಸಲೇಮಿನಲ್ಲಿ ಊಟ ಹಂಚುವಾಗ ಕೆಲವು ವಿಧವೆಯರನ್ನು ಬಿಟ್ಟರಂತೆ, ದೂರು ಬಂತಂತೆ. ದೇವರ ವಾಕ್ಯ ಸಾರುವುದು ಬಿಟ್ಟು ಬಡಿಸಲು ನಿಂತರೆ ಸರಿಯಾಗುವುದಿಲ್ಲ ಎಂದು ಪ್ರೇಷಿತರು (ಯೇಸುವಿನ ಮುಖ್ಯ ಶಿಷ್ಯರು) ಆ ಕೆಲಸಕ್ಕೆ ಏಳು ಜನರನ್ನು ನೇಮಿಸಿದರಂತೆ. ಹೇಳ್ತಾ ಹೇಳ್ತಾ ಅವರೇ ಮಾತು ನಿಲ್ಲಿಸಿ ನಕ್ಕರು.

ನಿಜವಾದ ಹೆದರಿಕೆ ಆಮೇಲೆ ಹೊರಬಂತು. ವಿಗಾರರ, ಅಂದರೆ ಚರ್ಚಿನ ಮುಖ್ಯ ಪಾದ್ರಿಯ, ಹತ್ತಿರ ಬಾಯಿಬಿಟ್ಟರೆ "ಮೈಗಳ್ಳ" ಎಂದು ಬಿಷಪರ ಕಿವಿಗೆ ಬಿದ್ದರೆ? ಗುರುದೀಕ್ಷೆಯೇ ಮುಂದಕ್ಕೆ ಹೋದರೆ? ಹೆದರಬೇಡಿ ಎಂದು ನಾನು ಹೇಳಲಿಲ್ಲ. ವಿಗಾರರ ಮಾತಿಗೆ ಅಲ್ಲಿ ತೂಕ ಉಂಟು. ಹಾಗಾಗಿ ಹೇಳಿದ್ದು ಇಷ್ಟು: ಪ್ರಬಂಧದ ಗೋಳು ಬೇಡ, ಈ ಕರೆಗಳ ಹಾಳೆಯನ್ನೇ ಮುಂದಿಡಿ. ಮೈಕ್, ಜೆರಾಕ್ಸಿಗೆ ಒಪ್ಪಿದ ಇಬ್ಬರು ಹುಡುಗರ ಹೆಸರು ಮೊದಲೇ ಬರೆದುಕೊಂಡು ಹೋಗಿ. ಮಂಗಳವಾರ, ಗುರುವಾರ ಮಧ್ಯಾಹ್ನದವರೆಗೆ ಬಿಡುವು ಕೇಳಿ. ಸಾವು, ಕಾಯಿಲೆಯ ಕರೆ ಯಾವಾಗ ಬಂದರೂ ಹೋಗ್ತೇನೆ ಎಂದು ನೀವೇ ಹೇಳಿಬಿಡಿ. ರಾತ್ರಿ ಹತ್ತರ ಮೇಲೆ ಲ್ಯಾಪ್‌ಟಾಪ್ ಮುಟ್ಟಬೇಡಿ.

ವಿಗಾರರು ಕೊಟ್ಟದ್ದು ಮಂಗಳವಾರ ಮಾತ್ರ. "ಗುರುವಾರದ್ದು ಮತ್ತೆ ನೋಡುವ" ಎಂದರಂತೆ. ಮುಂದಿನ ಸಲ ಬಂದಾಗ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಮೂರು ಸಲ ಗುಂಯ್ ಅಂದಿತು. ಒಂದು ಸಲ ಮಾತ್ರ ಎತ್ತಿ ನೋಡಿದರು.