ಮೊದಲ ಹತ್ತು ಬೇಕಾದರೆ ಹತ್ತನೆಯದನ್ನು ಹಿಡಿಯಿರಿ

ಪ್ರಶ್ನೆ: ನಾನು ಎಂಸಿಎ ಎರಡನೇ ವರ್ಷದಲ್ಲಿದ್ದೇನೆ ಸರ್. ಪ್ರಾಜೆಕ್ಟಿಗೆ ಸಂಶೋಧನಾ ಪ್ರಬಂಧಗಳ ಒಂದು ಗ್ರಾಫ್ ಮಾಡಿದ್ದೇನೆ, ಸುಮಾರು 2 ಲಕ್ಷ ನೋಡ್ (ಒಂದು ಪ್ರಬಂಧಕ್ಕೆ ಒಂದು ನೋಡ್). ಒಂದು ಪ್ರಬಂಧದಿಂದ ಹೊರಟು, ಅದು ಯಾವುದನ್ನು ಉಲ್ಲೇಖಿಸಿದೆ, ಅವು ಮತ್ತೆ ಯಾವುದನ್ನು ಅಂತ ಬಿಎಫ್‌ಎಸ್‌ನಲ್ಲಿ (ಹತ್ತಿರದವನ್ನು ಮೊದಲು ಮುಗಿಸಿ ಮಟ್ಟ ಮಟ್ಟವಾಗಿ ಮುಂದೆ ಹೋಗುವ ವಿಧಾನ) ಸುತ್ತುತ್ತಾ ಪ್ರತಿಯೊಂದಕ್ಕೂ ಸ್ಕೋರ್ ಹಾಕುತ್ತೇನೆ. ಕೊನೆಗೆ ಬೇಕಾದದ್ದು ಹೆಚ್ಚು ಸ್ಕೋರಿನ 10 ಮಾತ್ರ. ಸದ್ಯ ಒಂದೊಂದು ನೋಡ್ ಸಿಕ್ಕಾಗಲೂ ಲಿಸ್ಟಿಗೆ ಸೇರಿಸಿ ಸಾರ್ಟ್ ಮಾಡುತ್ತಿದ್ದೇನೆ. ಪೈಥಾನ್ ಪ್ರೋಗ್ರಾಂ ಮುಗಿಯುವುದೇ ಇಲ್ಲ! ಗೆಳೆಯ ಮ್ಯಾಕ್ಸ್ ಹೀಪ್ ಹಾಕು ಅಂತಾನೆ. ಸರಿಯಾ?
– ಓದುಗರು, ಹಾಸನ

ಉತ್ತರ: ಗೆಳೆಯ ಅರ್ಧ ಸರಿ. ಹೀಪ್ ಅಂದರೆ ಎಲ್ಲಕ್ಕಿಂತ ದೊಡ್ಡದನ್ನು (ಮ್ಯಾಕ್ಸ್) ಅಥವಾ ಚಿಕ್ಕದನ್ನು (ಮಿನ್) ಸದಾ ತುದಿಯಲ್ಲಿ ಇಟ್ಟುಕೊಳ್ಳುವ ಜೋಡಣೆ. ಅದು ಬೇಕು, ಆದರೆ ಮ್ಯಾಕ್ಸ್ ಅಲ್ಲ, ಮಿನ್. ಅದೂ ಹತ್ತೇ ಮನೆಯದು.

ತಲೆಕೆಳಗು ಅನ್ನಿಸಿತಾ? ಎಲ್ಲರಿಗೂ ಮೊದಲು ಹಾಗೇ ಅನ್ನಿಸುತ್ತದೆ. ಸಿಇಟಿ ಕಟ್‌ಆಫ್ ನೆನಪಿಸಿಕೊಳ್ಳಿ. ಒಂದು ಕಾಲೇಜಿನಲ್ಲಿ ನಿಮಗೆ ಸೀಟು ಸಿಗುತ್ತದಾ ಅಂತ ನೋಡುವಾಗ ಅಲ್ಲಿ ಸೇರಿದ ಟಾಪರ್ ಯಾರು ಅಂತ ಕೇಳುತ್ತೀರಾ? ಇಲ್ಲ. ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಅಂತ ಕೇಳುತ್ತೀರಿ. ಇಲ್ಲೂ ಅಷ್ಟೇ. ಹೊಸ ನೋಡ್ ಬಂದಾಗ ಅದು ಈಗಿರುವ ಹತ್ತರಲ್ಲಿ ಎಲ್ಲಕ್ಕಿಂತ ಕೆಳಗಿರುವುದನ್ನು ಮೀರಿಸಿದೆಯಾ ಅಂತ ಕೇಳಿದರೆ ಸಾಕು. ಮಿನ್ ಹೀಪ್‌ನಲ್ಲಿ ಆ ಕೆಳಗಿನದೇ ತುದಿಯಲ್ಲಿ ಕೂತಿರುತ್ತದೆ, ನೋಡೋಕೆ ಖರ್ಚೇ ಇಲ್ಲ. ಮೀರಿಸಿಲ್ಲ ಅಂದರೆ ಮುಂದಕ್ಕೆ ಹೋಗಿ, ಮೀರಿಸಿದ್ದರೆ ತುದಿಯದನ್ನು ತೆಗೆದು ಹೊಸದನ್ನು ಹಾಕಿ. ಪೈಥಾನಿನ ಹೀಪ್ ಲೈಬ್ರರಿ ಹೀಪ್‌ಕ್ಯೂ ಹುಟ್ಟಿದ್ದೇ ಮಿನ್ ಹೀಪ್ ಆಗಿ, ಹಾಗಾಗಿ ನೀವು ದೊಡ್ಡದನ್ನು ತುದಿಗೆ ತರಲು ಸ್ಕೋರಿಗೆ ಮೈನಸ್ ಹಾಕುವ ಸರ್ಕಸ್ ಮಾಡಬೇಕಿಲ್ಲ. ಹತ್ತು ತುಂಬುವವರೆಗೆ ಸೇರಿಸಲು ಹೀಪ್‌ಪುಶ್, ತುಂಬಿದ ಮೇಲೆ ತುದಿಯದನ್ನು ಬದಲಿಸಲು ಹೀಪ್‌ರಿಪ್ಲೇಸ್.

ಈಗ ಲೆಕ್ಕ ನೋಡಿ. ಸ್ಕೋರುಗಳು ಯಾವ ಕ್ರಮವೂ ಇಲ್ಲದೆ ಬರುತ್ತಿದ್ದರೆ, 2 ಲಕ್ಷ ನೋಡ್‌ಗಳಲ್ಲಿ ಹೀಪ್ ಒಳಗೆ ಕಾಲಿಡುವುದು ಸರಾಸರಿ 110ರಷ್ಟು ಮಾತ್ರ! ಉಳಿದವೆಲ್ಲ ಒಂದೇ ಒಂದು ಹೋಲಿಕೆಯಲ್ಲಿ ಬಾಗಿಲಿಂದಲೇ ವಾಪಸ್. ಗ್ರಹಚಾರ ಕೆಟ್ಟು ಸ್ಕೋರುಗಳು ಏರುತ್ತಲೇ ಬಂದವು ಅನ್ನಿ, ಆಗ ಪ್ರತಿಯೊಂದೂ ಒಳಗೆ ಬರುತ್ತದೆ, ಆದರೂ ಹತ್ತು ಮನೆಯ ಹೀಪ್ ನಾಲ್ಕೇ ಮಟ್ಟದ್ದು, ದೊಡ್ಡ ಕೆಲಸವಲ್ಲ.

ನಿಮ್ಮ ಈಗಿನ ದಾರಿ? ಪೈಥಾನಿನ ಸಾರ್ಟ್ ಜಾಣ, ಬಹುಪಾಲು ಸಾರ್ಟ್ ಆಗಿರುವ ಲಿಸ್ಟನ್ನು ಬೇಗ ಮುಗಿಸುತ್ತದೆ. ಆದರೆ ಬೇಗ ಅಂದರೂ ಪೂರ್ತಿ ಲಿಸ್ಟನ್ನು ಒಮ್ಮೆ ನಡೆದು ನೋಡಲೇಬೇಕು. 2 ಲಕ್ಷ ಸಲ, ಪ್ರತಿ ಸಲ ಸರಾಸರಿ 1 ಲಕ್ಷ ಹೆಜ್ಜೆ. 2000 ಕೋಟಿ ಆಯ್ತು. ಮುಗಿಯದೇ ಇರುವುದರಲ್ಲಿ ಆಶ್ಚರ್ಯವೇನು? ನಿಜ ಹೇಳಬೇಕೆಂದರೆ, ಎಲ್ಲವನ್ನೂ ಸುಮ್ನೆ ಲಿಸ್ಟಿಗೆ ಹಾಕಿ ಕೊನೆಯಲ್ಲಿ ಒಂದೇ ಸಲ ಸಾರ್ಟ್ ಮಾಡಿದ್ದರೂ ನಿಮ್ಮ ಪ್ರಾಜೆಕ್ಟ್ ಆರಾಮಾಗಿ ಓಡುತ್ತಿತ್ತು. ಹೀಪ್ ಇಲ್ಲದ್ದು ತಪ್ಪಲ್ಲ, ಲೂಪಿನೊಳಗೆ ಸಾರ್ಟ್ ಇಟ್ಟಿದ್ದು ತಪ್ಪು.

ಇನ್ನೆರಡು ಮುಳ್ಳುಗಳಿವೆ, ಚುಚ್ಚಿಸಿಕೊಂಡವನಾಗಿ ಹೇಳುತ್ತೇನೆ. ನೋಡನ್ನು ಬಿಎಫ್‌ಎಸ್‌ನ ಕ್ಯೂಗೆ (ಮುಂದೆ ನೋಡಬೇಕಾದವುಗಳ ಸಾಲು) ಹಾಕುವಾಗಲೇ 'ನೋಡಿದ್ದಾಯ್ತು' ಅಂತ ಸೆಟ್‌ನಲ್ಲಿ ಗುರುತು ಮಾಡಿ. ಕ್ಯೂನಿಂದ ತೆಗೆಯುವಾಗ ಮಾಡೋಣ ಅಂತ ಬಿಟ್ಟರೆ ಒಂದೇ ಪ್ರಬಂಧ ಎರಡು ದಾರಿಯಿಂದ ಬಂದು ನಿಮ್ಮ ಮೊದಲ ಹತ್ತರಲ್ಲಿ ಎರಡು ಕುರ್ಚಿ ಹಿಡಿಯಬಹುದು. ಇನ್ನೊಂದು, ಹೀಪ್‌ಗೆ ಸ್ಕೋರ್ ಮತ್ತು ಪ್ರಬಂಧದ ಜೋಡಿ ಹಾಕುತ್ತೀರಲ್ಲ, ಎರಡು ಸ್ಕೋರ್ ಸಮ ಬಂದರೆ ಪೈಥಾನ್ ಜೋಡಿಯ ಎರಡನೇ ಭಾಗವನ್ನು ಹೋಲಿಸಲು ಹೋಗುತ್ತದೆ. ಅದು ಡಿಕ್ಷನರಿ ಆಗಿದ್ದರೆ ಎರರ್ ಕೊಟ್ಟು ಮಲಗುತ್ತದೆ. ನಡುವೆ ಒಂದು ಕ್ರಮಸಂಖ್ಯೆ ಇಡಿ. ಇದು ಸಣ್ಣ ಡೇಟಾದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಡೆಮೊ ದಿನವೇ ಕಾಣಿಸಿಕೊಳ್ಳುತ್ತದೆ!

ಗೆಳೆಯ ಹೇಳಿದ್ದು ಎಲ್ಲಿಂದ ಬಂದಿರಬಹುದು ಅಂತ ಊಹಿಸಬಲ್ಲೆ. ಮಾಲ್ಕೋವ್ ಮತ್ತು ಯಶುನಿನ್ 2016ರಲ್ಲಿ ಮುಂದಿಟ್ಟ ಎಚ್‌ಎನ್‌ಎಸ್‌ಡಬ್ಲ್ಯೂ ಅನ್ನುವ ಹುಡುಕಾಟದ ವಿಧಾನ ಈಗ ವೆಕ್ಟರ್ ಡೇಟಾಬೇಸ್‌ಗಳಲ್ಲಿ (ಮಾಹಿತಿಯನ್ನು ಸಂಖ್ಯೆಗಳ ಸಾಲಾಗಿ ಇಟ್ಟು, ಹತ್ತಿರದ್ದನ್ನು ಹುಡುಕುವಂಥವು) ಜಾಸ್ತಿ ಬಳಕೆಯಲ್ಲಿದೆ. ಅಲ್ಲಿ ಫಲಿತಾಂಶಕ್ಕೆ ಮ್ಯಾಕ್ಸ್ ಹೀಪ್ ಇಡುತ್ತಾರೆ. ಯಾಕೆಂದರೆ ಅಲ್ಲಿ ದೂರ ಕಡಿಮೆಯಿದ್ದಷ್ಟೂ ಒಳ್ಳೆಯದು, ಹಾಗಾಗಿ ಹೊರಹೋಗಬೇಕಾದದ್ದು ಎಲ್ಲಕ್ಕಿಂತ ದೂರದ್ದು, ಅದೇ ತುದಿಯಲ್ಲಿ. ಅಂದರೆ ನಿಯಮ ಅದೇ, ಕನ್ನಡಿಯಲ್ಲಿ ಕಂಡಂತೆ. ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅಲ್ಲಿ ಬೇರೆಯೇ ಹೀಪ್ ಇರುತ್ತದೆ, ಅದರಲ್ಲಿ ಹತ್ತಿರದ್ದು ಮೊದಲು. ಇವೆರಡನ್ನೂ ಒಂದರಲ್ಲೇ ತುರುಕಲು ಹೋಗಬೇಡಿ.

ಪ್ರಶ್ನೆ: ಗೆಳೆಯರ ಗೆಳೆಯರನ್ನು ಸುತ್ತಿ, ಸಮಾನ ಗೆಳೆಯರು ಹೆಚ್ಚಿರುವ 10 ಜನರನ್ನು ಸೂಚಿಸಬೇಕು. ಹೀಪ್ ಹಾಕಿದೆ, ಉತ್ತರ ತಪ್ಪು ಬರುತ್ತಿದೆ.
– ಓದುಗರು, ಶಿವಮೊಗ್ಗ

ಉತ್ತರ: ಸುತ್ತುತ್ತಿರುವಾಗಲೇ ಎಣಿಕೆ ಏರುತ್ತಿದೆ, ಅಲ್ವಾ? ಹೀಪ್‌ಗೆ ಹಾಕಿದಾಗ 2 ಇದ್ದದ್ದು ಆಮೇಲೆ 7 ಆದರೆ ಅದು ಹೀಪ್‌ಗೆ ಗೊತ್ತಾಗುವುದಿಲ್ಲ. ಮೊದಲು ಪೈಥಾನಿನ ಎಣಿಕೆ ಸಾಧನ ಕೌಂಟರ್‌ನಲ್ಲಿ ಪೂರ್ತಿ ಎಣಿಸಿ, ನಿಮ್ಮನ್ನೂ ಈಗಾಗಲೇ ಗೆಳೆಯರಾಗಿರುವವರನ್ನೂ ತೆಗೆಯಿರಿ, ಆಮೇಲೆ ಅದರದೇ ಮೋಸ್ಟ್‌ಕಾಮನ್‌ಗೆ 10 ಅಂತ ಕೊಡಿ. ಒಳಗೆ ಅದೂ ಹೀಪನ್ನೇ ಬಳಸುತ್ತದೆ.